ಬಿಯರ್ ಊರಿಗೆ ಹೊರಟಿರುವ ತಮ್ಮನಿಗೆ

ನೀನು ಬರೆದದ್ದು ಓದಿದೆ. ಸಾಗರದ ಹುಡುಗ, ಸೆಪ್ಟೆಂಬರ್ ಮೊದಲ ವಾರ ಕೆಲಸಕ್ಕೆ ಜರ್ಮನಿಯ ಮ್ಯೂನಿಕ್‌ಗೆ ಹೊರಟಿದ್ದೀಯ. ಮೂರು ಪ್ರಶ್ನೆ ಕೇಳಿದ್ದೀಯ. ಅಲ್ಲಿ ಎಲ್ಲರೂ ದಿನಾ ಬಿಯರ್ ಕುಡಿಯುತ್ತಾರಂತೆ, ನಿಜವಾ? ಕುಡಿಯದಿದ್ದರೆ ಆಫೀಸಿನವರು ದೂರ ಇಡುತ್ತಾರಾ? ಹೋದವರೆಲ್ಲ ಕುಡಿತ ಕಲಿಯುತ್ತಾರೆ ಅಂತ ಅಮ್ಮ ಹೆದರಿದ್ದಾರೆ, ಅವರಿಗೆ ಏನು ಹೇಳಲಿ? ಅಣ್ಣಾ ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಮ್ಯೂನಿಕ್‌ಗೆ ಹೋಗಿದ್ದು 2006ರಲ್ಲಿ. ಈಗ ರಜೆಗೆ ಊರಿಗೆ ಬಂದಿದ್ದೇನೆ. ಬೆಳಗಿನಿಂದ ಮಳೆ ಬಿಟ್ಟಿಲ್ಲ. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆಯ ಮಾತು. ನನ್ನ ಅಜ್ಜನ ಕಾಲದಲ್ಲಿ ಕುಡಿತ ಅಂದರೆ ಬಗನಿ ಕಳ್ಳು. ಅಪ್ಪನ ಕಾಲಕ್ಕೆ ಸಾರಾಯಿ ಪ್ಯಾಕೆಟ್ ಬಂತು. ಅದರಿಂದ ಎಷ್ಟು ಮನೆ ಹಾಳಾಯಿತು ಅಂತ ಊರಿನ ಹೆಂಗಸರನ್ನು ಕೇಳಬೇಕು. ನಾನು ಹೋದ ಮರುವರ್ಷ, 2007ರ ಜುಲೈನಲ್ಲಿ, ಸರ್ಕಾರ ಸಾರಾಯಿ ನಿಲ್ಲಿಸಿತು. ನಿನ್ನ ಅಮ್ಮನ ಭಯ ಹುಟ್ಟಿದ್ದು ಆ ಕಾಲದಲ್ಲಿ. ಅದನ್ನು ಹಳೇ ಕಾಲದವರ ಮಾತು ಅಂತ ತಳ್ಳಿಹಾಕಬೇಡ.

ನಮ್ಮ ವಯಸ್ಸಿನ ಹುಡುಗರಿಗೆ ಬಿಯರ್ ಅಂದರೆ ಸ್ಟ್ರಾಂಗ್. 650 ಎಂಎಲ್ ಬಾಟಲಿ, ಏಳೆಂಟು ಪರ್ಸೆಂಟ್. ಪರದೆ ಎಳೆದ ಬಾರಿನ ಮೂಲೆಯಲ್ಲಿ ಕೂರಬೇಕು. ಇಲ್ಲದಿದ್ದರೆ ಕಪ್ಪು ಕವರ್‌ನಲ್ಲಿ ಸುತ್ತಿ ತಂದು, ಹೊಳೆ ದಂಡೆಯಲ್ಲೋ ಯಾರದೋ ತೋಟದಲ್ಲೋ, ಗುರುತಿನವರು ಬರುವ ಮೊದಲೇ ಮುಗಿಸಬೇಕು. ಅಲ್ಲಿ ರುಚಿ ನೋಡುವವರು ಯಾರು? ಕೊಟ್ಟ ದುಡ್ಡಿಗೆ ಎಷ್ಟು ಏರಿತು ಅನ್ನುವುದಷ್ಟೇ ಲೆಕ್ಕ. ನಾನೂ ಹಾಗೇ ಕುಡಿದವನು. ಕದ್ದು ಕುಡಿಯುವವನಿಗೆ ನಿಧಾನ ಅನ್ನುವುದು ಗೊತ್ತಾಗುವುದೇ ಇಲ್ಲ.

ಮ್ಯೂನಿಕ್‌ನಲ್ಲಿ ಮೊದಲ ಬೇಸಿಗೆ ಆಫೀಸಿನವರು ಬಿಯರ್‌ಗಾರ್ಟನ್‌ಗೆ ಕರೆದುಕೊಂಡು ಹೋದರು. ದೊಡ್ಡ ಚೆಸ್ಟ್‌ನಟ್ ಮರಗಳ ಕೆಳಗೆ ಉದ್ದುದ್ದ ಬೆಂಚು. ಅಜ್ಜ ಅಜ್ಜಿ, ತಳ್ಳುಗಾಡಿಯಲ್ಲಿ ಮಗು, ಮಕ್ಕಳು ಆಡುವುದಕ್ಕೆ ಜಾರುಬಂಡಿ. ಕೈಯಲ್ಲಿ ಹೆಲ್ಲೆಸ್ ಅನ್ನುವ ತಿಳಿ ಬಣ್ಣದ ಬಿಯರ್ ಕೊಟ್ಟರು. ಸುಮಾರು 5 ಪರ್ಸೆಂಟ್. ನನಗೆ ಸಪ್ಪೆ ಅನ್ನಿಸಿತು. ನನ್ನ ಗ್ಲಾಸ್ ಖಾಲಿಯಾಗುವಾಗ ಅವರ ಗ್ಲಾಸಿನಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು. ಯಾರೂ ಏನೂ ಅನ್ನಲಿಲ್ಲ. ಎರಡು ಗಂಟೆ ಕೂತು ಮಾತಾಡಿದರು, ಒಂದೊಂದೇ ಗ್ಲಾಸ್ ಮುಗಿಸಿ ಎದ್ದರು.

ಮೂರು ವರ್ಷ ಬಿಟ್ಟು ರಜೆಗೆ ಬಂದಾಗ ಹಳೇ ಗೆಳೆಯರ ಜೊತೆ ಮತ್ತೆ ಅದೇ ಸ್ಟ್ರಾಂಗ್ ಕುಡಿಯಲು ಕೂತೆ. ಅರ್ಧ ಬಾಟಲಿ ಆಗಲಿಲ್ಲ. ಸಿಹಿ, ಮೇಲೆ ಸ್ಪಿರಿಟ್ ವಾಸನೆ. ಬಿಯರ್ ಅದೇ, ನಾಲಿಗೆ ಬದಲಾಗಿತ್ತು. ಯಾವಾಗ ಬದಲಾಯಿತು ಅಂತ ನನಗೇ ಗೊತ್ತಾಗಿರಲಿಲ್ಲ.

ಇದು ಹೇಗೆ ಆಗುತ್ತದೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ಕಹಿ ಅಂದರೆ ನಾಲಿಗೆಗೆ ಮೊದಲು ಹೆದರಿಕೆ. ವಿಷ ಇರಬಹುದು ಅಂತ ದೇಹ ಎಚ್ಚರಿಸುತ್ತದೆ. ಪದೇಪದೇ ತಿಂದು, ಏನೂ ಆಗಲಿಲ್ಲ ಅಂತಾದಾಗ ಆ ಹೆದರಿಕೆ ಹೋಗುತ್ತದೆ. ಚಿಕ್ಕವರಿದ್ದಾಗ ಹಾಗಲಕಾಯಿ ಗೊಜ್ಜನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದೆವು, ಈಗ ಕೇಳಿ ಹಾಕಿಸಿಕೊಳ್ಳುತ್ತೇವೆ ಅಲ್ವಾ? ಬಿಯರಿನ ಕಹಿ ಬರುವುದು ಹಾಪ್ಸ್ ಅನ್ನುವ ಬಳ್ಳಿಯ ಹೂವಿನಿಂದ. ಮ್ಯೂನಿಕ್‌ನಿಂದ ಉತ್ತರಕ್ಕೆ ಹೋದರೆ ಹಾಲರ್‌ಟೌ ಅನ್ನುವ ಸೀಮೆ ಇದೆ. ಪ್ರಪಂಚದಲ್ಲೇ ಹಾಪ್ಸ್ ಜಾಸ್ತಿ ಬೆಳೆಯುವ ಜಾಗಗಳಲ್ಲಿ ಅದೂ ಒಂದು. ಎತ್ತರದ ಕಂಬ, ತಂತಿ, ಆ ತಂತಿಗೆ ಹಬ್ಬಿದ ಬಳ್ಳಿ. ಪ್ರತಿ ವರ್ಷ ಬುಡದಿಂದ ಚಿಗುರಿ ಬೇಸಿಗೆಯೊಳಗೆ 7 ಮೀಟರ್ ಏರುತ್ತದೆ. ಮೊದಲ ಸಲ ನೋಡಿದಾಗ ನನಗೆ ನಮ್ಮ ತೋಟವೇ ನೆನಪಾಯಿತು. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದ ಹಾಗೇ. ಹೂವನ್ನು ಅಂಗೈಯಲ್ಲಿ ತಿಕ್ಕಿದರೆ ಹಳದಿ ಪುಡಿ ಅಂಟುತ್ತದೆ. ಆ ವಾಸನೆ ಹಿಡಿದ ಮೇಲೆ ಗ್ಲಾಸಿನಲ್ಲಿ ಅದನ್ನೇ ಹುಡುಕುವ ಹಾಗಾಗುತ್ತದೆ. ಹುಡುಕಬೇಕು ಅಂದರೆ ನಿಧಾನ ಕುಡಿಯಲೇಬೇಕು.

ಬದಲಾಗುವುದು ನಮ್ಮ ನಾಲಿಗೆ ಮಾತ್ರ ಅಂದುಕೊಳ್ಳಬೇಡ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದವರು 1516ರ ಕಾನೂನಿನ ಬಗ್ಗೆ ಬಹಳ ಅಭಿಮಾನದಿಂದ ಹೇಳುತ್ತಾರೆ. ಬಿಯರ್‌ಗೆ ನೀರು, ಬಾರ್ಲಿ, ಹಾಪ್ಸ್ ಬಿಟ್ಟು ಬೇರೇನೂ ಹಾಕಬಾರದು ಅಂತ ಅದರಲ್ಲಿತ್ತು. ಅದನ್ನು ಕೇಳಿದರೆ ಐನೂರು ವರ್ಷದಿಂದ ಒಂದೇ ರುಚಿ ಅನ್ನಿಸುತ್ತದೆ. ಆದರೆ ಮ್ಯೂನಿಕ್‌ನ ಹಳೇ ಬಿಯರ್ ಕಪ್ಪಗಿತ್ತು. 1842ರಲ್ಲಿ ಯೋಸೆಫ್ ಗ್ರೋಲ್ ಅನ್ನುವ ಬವೇರಿಯಾದವನೇ ಪಕ್ಕದ ಬೊಹೇಮಿಯಾದ ಪಿಲ್ಸೆನ್ ಊರಿಗೆ ಹೋಗಿ ಬಂಗಾರದ ಬಣ್ಣದ ಬಿಯರ್ ಮಾಡಿದ. ಜನ ಅದಕ್ಕೆ ಮನಸೋತರು. ಮ್ಯೂನಿಕ್‌ನವರು ಹೆಲ್ಲೆಸ್ ಮಾಡಿದ್ದು 1894ರಲ್ಲಿ. ಈಗ ಅದೇ ಅಲ್ಲಿನ ದಿನನಿತ್ಯದ ಬಿಯರ್.

ಇನ್ನು ನಿನ್ನ ಮೊದಲ ಪ್ರಶ್ನೆ. ದಿನಾ ಕುಡಿಯುವವರು ಇದ್ದಾರೆ. ಆದರೆ ಕಡಿಮೆಯಾಗುತ್ತಿದ್ದಾರೆ. 1980ರ ಸುಮಾರಿಗೆ ಜರ್ಮನಿಯಲ್ಲಿ ಒಬ್ಬರು ವರ್ಷಕ್ಕೆ ಸರಾಸರಿ 140 ಲೀಟರ್‌ಗೂ ಜಾಸ್ತಿ ಬಿಯರ್ ಕುಡಿಯುತ್ತಿದ್ದರು. ಈಗ ಅದು 90 ಲೀಟರ್‌ಗಿಂತ ಕೆಳಗೆ ಇಳಿದಿದೆ. ಆಲ್ಕೋಹಾಲ್ ಇಲ್ಲದ ಬಿಯರ್ ಮಾತ್ರ ವರ್ಷ ವರ್ಷ ಏರುತ್ತಿದೆ. ಓಟದ ಸ್ಪರ್ಧೆ ಮುಗಿಸಿದವರಿಗೆ ಅದನ್ನೇ ಕೊಡುತ್ತಾರೆ. ಒಂದು ಎಚ್ಚರಿಕೆ: ಆಲ್ಕೋಹಾಲ್‌ಫ್ರೈ ಅಂತ ಬರೆದಿದ್ದರೂ 0.5 ಪರ್ಸೆಂಟ್‌ವರೆಗೆ ಇರಬಹುದು. ಪೂರ್ತಿ ಬೇಡ ಅಂದರೆ 0.0 ಅಂತ ಬರೆದದ್ದನ್ನು ನೋಡಿ ತಗೋ.

ಆಫೀಸಿನವರ ವಿಷಯ ಸುಲಭ. ಬೇಡ ಅಂದರೆ ಬೇಡ. ನಮ್ಮಲ್ಲಿ ‘ಒಂದು ಗುಟುಕು ತಗೋ ಮಾರಾಯ’ ಅಂತ ಹಿಡಿದುಕೊಳ್ಳುತ್ತಾರಲ್ಲ, ಆ ಒತ್ತಾಯ ನನಗೆ ಅಲ್ಲಿ ಎದುರಾಗಿಲ್ಲ. ಆಪ್‌ಫೆಲ್‌ಶೋರ್ಲೆ ಕೇಳು. ಸೇಬಿನ ರಸಕ್ಕೆ ಸೋಡಾ ಸೇರಿಸಿ ಕೊಡುತ್ತಾರೆ, ಚೆನ್ನಾಗಿರುತ್ತದೆ. ಯಾವ ಗ್ಲಾಸ್ ಆದರೂ ಸರಿ, ಪ್ರೋಸ್ಟ್ (ಅಲ್ಲಿನ ಚಿಯರ್ಸ್) ಅನ್ನುವಾಗ ಎದುರಿನವರ ಕಣ್ಣು ನೋಡು. ಅವರು ಗಮನಿಸುವುದು ಅದನ್ನು.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಆಕ್ಟೋಬರ್‌ಫೆಸ್ಟ್ ಅನ್ನುವ ಮ್ಯೂನಿಕ್‌ನ ಬಿಯರ್ ಜಾತ್ರೆ ಬಗ್ಗೆ ನಿನಗೆ ಎಲ್ಲರೂ ಹೇಳುತ್ತಾರೆ, ಒಂದು ಲೀಟರಿನ ಮಗ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತೀಯ, ಅದರಿಂದ ಏನೂ ಆಗುವುದಿಲ್ಲ. ಕಷ್ಟ ಶುರುವಾಗುವುದು ನವೆಂಬರ್‌ನಲ್ಲಿ. ಡಿಸೆಂಬರ್ ಹೊತ್ತಿಗೆ ಸಂಜೆ ನಾಲ್ಕೂವರೆಗೇ ಕತ್ತಲು. ಭಾನುವಾರ ಅಂಗಡಿಗಳೆಲ್ಲ ಬಂದ್. ಊರಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ರಾತ್ರಿಯಾಗಿರುತ್ತದೆ, ಅಮ್ಮ ಮಲಗಿರುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಅರ್ಧ ಲೀಟರ್ ಬಿಯರ್ ಒಂದು ಯೂರೋಗಿಂತ ಕಡಿಮೆಗೇ ಸಿಗುತ್ತದೆ. ಕಪ್ಪು ಕವರ್ ಬೇಡ, ಯಾರೂ ನೋಡುವುದಿಲ್ಲ, ಯಾರೂ ಕೇಳುವುದಿಲ್ಲ.

ನನ್ನ ಎರಡನೇ ಚಳಿಗಾಲ ಹಾಗೇ ಹೋಯಿತು. ಕೆಲಸದಿಂದ ಬಂದು, ಅನ್ನಕ್ಕೆ ಇಟ್ಟು, ಒಂದು ಬಾಟಲಿ ತೆಗೆಯುವುದು. ಉಂಡ ಮೇಲೆ ಇನ್ನೊಂದು. ಏರುತ್ತಿರಲಿಲ್ಲ, ಹಾಗಾಗಿ ಜಾಸ್ತಿ ಕುಡಿಯುತ್ತಿದ್ದೇನೆ ಅಂತ ಅನ್ನಿಸಲೂ ಇಲ್ಲ. ಅಲ್ಲಿ ಬಿಯರ್ ಬಾಟಲಿಗೆ 8 ಸೆಂಟ್ ಠೇವಣಿ ಇರುತ್ತದೆ. ಖಾಲಿ ಬಾಟಲಿ ಅಂಗಡಿಯ ಮಷಿನ್‌ಗೆ ಹಾಕಿದರೆ ವಾಪಸ್ ಸಿಗುತ್ತದೆ. ಜನವರಿಯ ಕೊನೆಯಲ್ಲಿ ಒಂದು ಶನಿವಾರ ಆ ತಿಂಗಳ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ತಗೊಂಡು ಹೋದೆ. ಒಂದೊಂದಾಗಿ ಹಾಕಿದೆ. ಚೀಟಿ ಬಂತು: 45 ಬಾಟಲಿ, 3 ಯೂರೋ 60 ಸೆಂಟ್. ಆ ತಿಂಗಳು ನಮ್ಮ ಮನೆಗೆ ಒಬ್ಬರೂ ಬಂದಿರಲಿಲ್ಲ. ನಲವತ್ತೈದೂ ನಾನೊಬ್ಬನೇ ಕುಡಿದದ್ದು. ಚೀಟಿ ಹಿಡಿದು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ಸಾರಾಯಿ ಅಂಗಡಿ ಮುಂದೆ ಬೆಳಿಗ್ಗೆಯೇ ಕೂತಿರುತ್ತಿದ್ದ ನಮ್ಮೂರಿನ ಒಬ್ಬರು ನೆನಪಾದರು.

ಅವತ್ತಿನಿಂದ ಮನೆಯಲ್ಲಿ ಬಾಟಲಿ ಇಡುವುದು ಬಿಟ್ಟೆ. ಬಿಯರ್ ಬೇಕು ಅನ್ನಿಸಿದರೆ ಯಾರಿಗಾದರೂ ಫೋನ್ ಮಾಡಬೇಕು, ಅವರು ಸಿಗದಿದ್ದರೆ ಕುಡಿಯುವಂತಿಲ್ಲ. ಇಷ್ಟೇ ನಿಯಮ. ಮೊದಲ ಎರಡು ತಿಂಗಳು ಕಷ್ಟವಾಯಿತು. ಆಮೇಲೆ ಫೋನ್ ಮಾಡಿದ್ದರಿಂದಲೇ ಗೆಳೆಯರು ಸಿಕ್ಕರು. ನೀನೂ ಈ ನಿಯಮ ಇಟ್ಟುಕೋ ಅಂತ ಕೈ ಹಿಡಿದು ಕೇಳಿಕೊಳ್ಳುತ್ತೇನೆ. ಕುಡಿಯದೇ ಇದ್ದರೆ ಇನ್ನೂ ಒಳ್ಳೆಯದು. ಆಲ್ಕೋಹಾಲ್‌ಗೆ ಅಪಾಯವಿಲ್ಲದ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿಯೇ ಹೇಳಿದೆ. ನಾನು ಈಗ ತಿಂಗಳಿಗೆ ಒಂದೆರಡು ಗ್ಲಾಸ್, ಅದೂ ಜೊತೆಯಲ್ಲಿ ಜನ ಇದ್ದಾಗ.

ಗಾಡಿಯ ವಿಷಯ ಚಿಕ್ಕದಾಗಿ: ಕಾರು ಓಡಿಸುವವರಿಗೆ ರಕ್ತದಲ್ಲಿ ಆಲ್ಕೋಹಾಲ್ 0.5 ಪ್ರೊಮಿಲ್, ಅಂದರೆ ಸಾವಿರಕ್ಕೆ ಅರ್ಧ ಪಾಲು, ಮಿತಿ. ಹೊಸದಾಗಿ ಲೈಸೆನ್ಸ್ ತೆಗೆದವರಿಗೆ ಮೊದಲ 2 ವರ್ಷ ಸೊನ್ನೆ. ಸೈಕಲ್ ಓಡಿಸಿದರೂ 1.6 ದಾಟಿದರೆ ಅಪರಾಧ.

ಊರಲ್ಲೂ ಕಾಲ ಬದಲಾಗಿದೆ. ಶಿವಮೊಗ್ಗದಲ್ಲಿರುವ ಚಿಕ್ಕಪ್ಪನ ಮಗ ಮೊನ್ನೆ ಬಂದಿದ್ದ. ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ವೀಟ್ ಬಿಯರ್ ಕುಡಿದನಂತೆ. ಅದರಲ್ಲಿ ಬಾಳೆಹಣ್ಣು ಹಾಕುತ್ತಾರಾ ಅಂತ ಕೇಳಿದ. ಹಾಕುವುದಿಲ್ಲ, ಆ ಪರಿಮಳ ಯೀಸ್ಟ್ ಕೊಡುವುದು ಅಂತ ಹೇಳಿದೆ. ಅವನು ರುಚಿಯ ಬಗ್ಗೆ ಕೇಳಿದ್ದು, ಅದೂ ಅವನ ಅಪ್ಪನ ಎದುರಿಗೇ ಕೇಳಿದ್ದು, ನನಗೆ ತುಂಬಾ ಖುಷಿಯಾಯಿತು.

ಅಮ್ಮನಿಗೆ ಹೀಗೆ ಹೇಳು. ಬಿಯರ್‌ಗಾರ್ಟನ್‌ನಲ್ಲಿ, ಬಟ್ಟೆ ಹಾಸಿಲ್ಲದ ಟೇಬಲ್ಲಿನಲ್ಲಿ, ಮನೆಯಿಂದ ತಂದ ತಿಂಡಿ ತಿನ್ನಬಹುದು. 1812ರಲ್ಲಿ ಅಲ್ಲಿನ ರಾಜ ಬಿಯರ್ ಮಾಡುವವರಿಗೆ ಬಿಯರ್ ಮಾರಲು ಒಪ್ಪಿಗೆ ಕೊಟ್ಟ, ಬ್ರೆಡ್ ಬಿಟ್ಟು ಬೇರೆ ಊಟ ಮಾರಬಾರದು ಅಂದ. ಆ ಪದ್ಧತಿ ಇವತ್ತಿಗೂ ಉಳಿದಿದೆ. ನಾವು ಏಳೆಂಟು ಕನ್ನಡದ ಮನೆಯವರು ಭಾನುವಾರ ಅಲ್ಲಿ ಸೇರುತ್ತೇವೆ. ಚಿತ್ರಾನ್ನ, ಕೋಡುಬಳೆ, ಮಿಡಿ ಉಪ್ಪಿನಕಾಯಿ ಎಲ್ಲ ಇರುತ್ತದೆ. ಅರ್ಧ ಜನ ಆಪ್‌ಫೆಲ್‌ಶೋರ್ಲೆಯವರೇ.

ನಾನು ಆಗಸ್ಟ್ ಕೊನೆಗೆ ವಾಪಸ್ ಹೋಗುತ್ತೇನೆ. ನೀನು ಬರುವಾಗ ಹಾಪ್ಸ್ ಕೊಯ್ಲು ನಡೆದಿರುತ್ತದೆ. ಮೊದಲ ಭಾನುವಾರ ಖಾಲಿ ಇಟ್ಟುಕೋ, ಹಾಲರ್‌ಟೌ ಕಡೆಗೆ ಕರೆದುಕೊಂಡು ಹೋಗುತ್ತೇನೆ. ಅಮ್ಮ ಚಕ್ಕುಲಿ ಮಾಡಿ ಕೊಟ್ಟರೆ ಬೇಡ ಅನ್ನಬೇಡ, ಡಬ್ಬದಲ್ಲಿ ಭದ್ರವಾಗಿ ಹಾಕಿಕೊಂಡು ಬಾ.