ಕ್ಷಮಿಸಿದ ಮೇಲೂ ಕಹಿ ಹೋಗದಿದ್ದರೆ

ಪ್ರಶ್ನೆ: ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅಮ್ಮನ ಕಣ್ಣೀರು ನೋಡಲಾರದೆ ಅಣ್ಣನ ಹೆಸರಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಅವನು ಮನೆ ಮಾರಿದ. ನನ್ನ ಆಪರೇಷನ್ ಆದಾಗ ಆಸ್ಪತ್ರೆ ಕಡೆಗೂ ಬರಲಿಲ್ಲ. ಒಂದೇ ಸಭೆಗೆ (ಚರ್ಚಿಗೆ) ಹೋಗುತ್ತೇವೆ. ಕ್ಷಮಿಸಿದೆ ಎಂದು ಎಷ್ಟು ಸಲ ಪ್ರಾರ್ಥಿಸಿದರೂ ಅವನ ದನಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ನಾನು ಪ್ರಭುಭೋಜನ (ಯೇಸುವಿನ ಕಡೇ ಊಟದ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಬಹುದೇ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಪ್ರಾರ್ಥನೆ ಸುಳ್ಳಲ್ಲ, ಇಡಿಗಂಟಾಗಿದೆ. ಸಾಲ ಎಷ್ಟೆಂದು ನೋಡದೆ ಮನ್ನಾ ಮಾಡಿದರೆ ಅದು ಮನಸ್ಸಿನ ಲೆಕ್ಕದಲ್ಲಿ ಹಾಗೇ ಉಳಿಯುತ್ತದೆ. ಬೈಬಲಿನ ಮತ್ತಾಯ 18ರ ಸಾಮ್ಯದಲ್ಲಿ ರಾಜ ಒಬ್ಬ ಆಳಿನ ಭಾರಿ ಸಾಲ ಮನ್ನಾ ಮಾಡುತ್ತಾನೆ; ಆ ಆಳಿಗೆ ಅವನ ಜೊತೆ ಆಳು ಕೊಡಬೇಕಾಗಿದ್ದದ್ದು 100 ದೆನಾರಿ, ಅಂದರೆ 100 ದಿನದ ಕೂಲಿ. ಅದೇನು ಚಿಲ್ಲರೆ ಕಾಸಲ್ಲ. ರಾಜ ಬಿಟ್ಟುಕೊಟ್ಟ ಹತ್ತು ಸಾವಿರ ತಲಾಂತಿನ ಮುಂದೆ ಅದು ಸಣ್ಣದು, ಅಷ್ಟೇ. ನಿಮಗಾದ ನಷ್ಟವೂ ನಿಜವಾದದ್ದೇ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿಗೆ ಮೂರನೇ ಒಂದು ಪಾಲು, ಉಳಿದದ್ದು ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಸಮಪಾಲು. ನೀವಿಬ್ಬರೇ ಮಕ್ಕಳಾಗಿದ್ದರೆ ನೀವು ಬಿಟ್ಟುಕೊಟ್ಟದ್ದು ಮೂರನೇ ಒಂದು ಪಾಲು. ಇದನ್ನು ಬಾಯಿಬಿಟ್ಟು ಹೇಳುವುದು ದುರಾಸೆಯಲ್ಲ.

ಅರ್ಧ ಗಂಟೆ ಬಿಡುವು ಮಾಡಿಕೊಂಡು ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ನಡೆದದ್ದು, ಬಲಕ್ಕೆ ನೀವು ಊಹಿಸಿದ್ದು. ‘ಆಸ್ಪತ್ರೆಗೆ ಬರಲಿಲ್ಲ’ ಎಡಕ್ಕೆ. ‘ಅತ್ತಿಗೆಯೇ ತಡೆದಿರಬೇಕು’ ಬಲಕ್ಕೆ. ಕಹಿಯ ಬೇರಿಗೆ ನೀರು ಸಿಗುವುದು ಹೆಚ್ಚಾಗಿ ಬಲಗಡೆಯಿಂದ. ಅದನ್ನು ಮೊದಲು ಹೊಡೆದುಹಾಕಿ. ಎಡಗಡೆಯದನ್ನು ದೇವರ ಮುಂದೆ ಸಾಲು ಸಾಲಾಗಿ ಓದಿ, ಒಂದೊಂದಕ್ಕೂ ‘ಇದರ ಬಾಕಿಯನ್ನು ಇನ್ನು ನಾನು ವಸೂಲಿ ಮಾಡುವುದಿಲ್ಲ’ ಎನ್ನಿ. ಮುಯ್ಯಿ ತೀರಿಸುವುದು ಕರ್ತನ ಕೆಲಸ (ರೋಮಾಪುರದವರಿಗೆ 12:19). ಮಾತು ಹೊರಡದಿದ್ದರೆ 55ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಆಪ್ತನೇ ಕೈಕೊಟ್ಟಾಗಿನ ಅಳು ಅದು. ಆಮೇಲೆ ಹಾಳೆ ಹರಿದುಬಿಡಿ. ಫೋಟೊ ತೆಗೆದು ತಂಗಿಯರ ವಾಟ್ಸಾಪ್ ಗುಂಪಿಗೆ ಹಾಕಿದಿರೋ, ಮಾಡಿದ್ದೆಲ್ಲ ನೀರಪಾಲು. ಕಹಿಯ ಬೇರು ಅನೇಕರನ್ನು ಕೆಡಿಸುತ್ತದೆ ಎಂದು ಇಬ್ರಿಯರಿಗೆ 12:15 ಎಚ್ಚರಿಸುವುದು ಇದನ್ನೇ. ನಿಮ್ಮ ಮಕ್ಕಳು ಮಾವನನ್ನು ಮಾತಾಡಿಸುವುದು ಬಿಟ್ಟಿದ್ದಾರಾ, ನೋಡಿಕೊಳ್ಳಿ.

ಮರುವಾರ ಮತ್ತೆ ಉರಿ ಬರುತ್ತದೆ. ಸೋತೆನೆಂದುಕೊಳ್ಳಬೇಡಿ. ಎಪ್ಪತ್ತೇಳು ಸಲ ಕ್ಷಮಿಸು ಎಂಬ ಯೇಸುವಿನ ಮಾತು ಒಂದೇ ತಪ್ಪು ನೆನಪಾದ ಎಪ್ಪತ್ತೇಳು ಬೆಳಗುಗಳಿಗೂ ಸಲ್ಲುತ್ತದೆ. ಸಿಟ್ಟು ಬರುವುದೇ ಪಾಪವಲ್ಲ. ಎಫೆಸದವರಿಗೆ 4:26 ಅದಕ್ಕೆ ಸೂರ್ಯಾಸ್ತದ ಗಡುವು ಕೊಡುತ್ತದೆ. ಐದು ವಚನ ದಾಟಿದರೆ, ತೊರೆದುಬಿಡಬೇಕಾದವುಗಳ ಪಟ್ಟಿಯಲ್ಲಿ ಗ್ರೀಕ್ ಮೂಲದ ಮೊದಲ ಪದ ‘ಪಿಕ್ರಿಯ’, ಅಂದರೆ ಕಹಿ. ಗಡುವು ಮೀರಿದ ಸಿಟ್ಟು ಅದು.

ಅಣ್ಣನ ಹತ್ತಿರ ಮಾತಾಡುವುದಾದರೆ ಮತ್ತಾಯ 18:15ರಂತೆ ಇಬ್ಬರೇ ಕೂತು ಮಾತಾಡಿ. ಅಮ್ಮನನ್ನು ನಡುವೆ ಎಳೆಯಬೇಡಿ, ಮದುವೆ ಮನೆಯಲ್ಲಂತೂ ಬೇಡವೇ ಬೇಡ. ಒಂದೇ ವಿಷಯ ಎತ್ತಿ: ಮೊದಲು ಆಸ್ಪತ್ರೆಯದು, ಮನೆಯದು ಇನ್ನೊಂದು ದಿನ. ‘ನೀನು ಯಾವಾಗಲೂ ಹೀಗೇ’ ಎಂದ ಕೂಡಲೇ ಮಾತು ಜಗಳವಾಗುತ್ತದೆ. ಅವನು ಒಪ್ಪದೆ ಹೋಗಬಹುದು. ‘ನಿಮ್ಮಿಂದಾಗುವ ಮಟ್ಟಿಗೆ’ ಎಂಬ ಮಾತು ರೋಮಾಪುರದವರಿಗೆ 12:18ರಲ್ಲಿರುವುದು ಅದಕ್ಕೇ.

ಪ್ರಭುಭೋಜನ ತೆಗೆದುಕೊಳ್ಳಿ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿಯಾಗಲು ಹೋಗೆಂಬ ಮತ್ತಾಯ 5:23-24, ಸಹೋದರನಿಗೆ ಯಾರ ಮೇಲೆ ದೂರಿದೆಯೋ ಅವರಿಗೆ ಹೇಳಿದ ಮಾತು. ನಾವದನ್ನು ತಿರುಗಾಮುರುಗಾ ಮಾಡಿದ್ದೇವೆ. ಪೌಲನೂ ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತಾನೆ, ಬಿಟ್ಟು ಹೋಗಲಿ ಎನ್ನುವುದಿಲ್ಲ (1 ಕೊರಿಂಥದವರಿಗೆ 11:28). ಕಹಿಯ ಜೊತೆ ಹೋರಾಡುವವರಿಗೆ ಆ ರೊಟ್ಟಿ ಬೇಕೇ ಬೇಕು. ಕಹಿಯನ್ನು ಸಾಕಿಕೊಂಡು, ಅಣ್ಣ ಹಾಳಾಗಲೆಂದು ಕಾಯುವವರು ಮಾತ್ರ ಮೊದಲು ಸಭಾಪಾಲಕರ ಜೊತೆ ಕೂತು ಮಾತಾಡಲಿ.

ಪ್ರಶ್ನೆ: ಗಂಡ ಕುಡಿದು ಹೊಡೆಯುತ್ತಾರೆ. ತವರಿಗೆ ಬಂದಿದ್ದೇನೆ. ಕ್ಷಮಿಸಿದ್ದರೆ ಹಿಂದಕ್ಕೆ ಹೋಗಬೇಕಂತೆ, ಸಭೆಯ ಹಿರಿಯರ ಮಾತು.
– ಓದುಗರು, ಶಿವಮೊಗ್ಗ

ಉತ್ತರ: ಹೋಗಬೇಡಿ. ಕ್ಷಮೆ ಒಬ್ಬರಿಂದಲೇ ಆಗುತ್ತದೆ, ನಂಬಿಕೆಗೆ ಇಬ್ಬರು ಬೇಕು. ಯೋಸೇಫನು ತನ್ನನ್ನು ಮಾರಿದ್ದ ಅಣ್ಣಂದಿರಿಗೆ ಚೀಲ ತುಂಬ ಧಾನ್ಯ ಕೊಟ್ಟು ಹಣವನ್ನೂ ಹಿಂತಿರುಗಿಸಿದ, ಆದರೆ ತಾನ್ಯಾರೆಂದು ಹೇಳಲಿಲ್ಲ. ಕಿರಿಯ ತಮ್ಮ ಬೆನ್ಯಾಮೀನನ ಬದಲಿಗೆ ತಾನೇ ಗುಲಾಮನಾಗಿರುತ್ತೇನೆಂದು ಆ ಅಣ್ಣಂದಿರಲ್ಲಿ ಒಬ್ಬನಾದ ಯೆಹೂದನು ಮುಂದೆ ಬಂದ ಮೇಲೆಯೇ ಬಾಯಿಬಿಟ್ಟದ್ದು (ಆದಿಕಾಂಡ 44-45). ನಿಮ್ಮ ಗಂಡ ಕುಡಿತ ಬಿಡಲು ಚಿಕಿತ್ಸೆಗೆ ಸೇರಿ, ತಿಂಗಳುಗಟ್ಟಲೆ ಹಾಗೇ ನಡೆದುಕೊಂಡದ್ದನ್ನು ಬೇರೆಯವರೂ ಕಂಡ ಮೇಲೆ ಆ ಮಾತು. ಸದ್ಯಕ್ಕೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ ಕೇಳಬಹುದು. ಅದನ್ನು ಕೇಳುವುದು ಸೇಡಲ್ಲ. ಹಿರಿಯರಿಗೆ ಈ ಪುಟ ತೋರಿಸಿ.