ಮಗನಿಗೆ ಎಸ್‌ಜಿಪಿಟಿ ಜಾಸ್ತಿ ಬಂದಿದೆ, ಡಾಕ್ಟರು ಸಿಪಿಕೆ ಟೆಸ್ಟ್ ಯಾಕೆ ಬರೆದರು?

ನಾಲ್ಕು ವರ್ಷದ ಹುಡುಗ, ಮೆಟ್ಟಿಲು ಹತ್ತಲು ಕಷ್ಟ, ಎಸ್‌ಜಿಪಿಟಿ ಜಾಸ್ತಿ, ಲಿವರ್ ಸ್ಕ್ಯಾನ್ ಮಾತ್ರ ಸರಿಯಾಗೇ ಇದೆ. ಲಿವರಿಗೂ ಸ್ನಾಯುವಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು, ಡಾಕ್ಟರಲ್ಲ. ಆದರೆ ಈ ಗೊಂದಲ ತುಂಬಾ ನೋಡಿದ್ದೇನೆ.

ಎಸ್‌ಜಿಪಿಟಿ, ಎಸ್‌ಜಿಒಟಿ ಅನ್ನುವ ಎರಡು ಕಿಣ್ವಗಳು ಲಿವರಿನಲ್ಲಷ್ಟೇ ಅಲ್ಲ, ಸ್ನಾಯುವಿನಲ್ಲೂ ಇರುತ್ತವೆ. 'ಲಿವರ್ ಫಂಕ್ಷನ್ ಟೆಸ್ಟ್' ಅಂತ ಹೆಸರಿಟ್ಟಿರುವುದರಿಂದ ಎಲ್ಲರೂ ಸುಮ್ನೆ ಲಿವರ್ ಹಿಂದೆ ಓಡುತ್ತಾರೆ. ರಿಪೋರ್ಟಿನಲ್ಲಿ ಜಿಜಿಟಿ ಅನ್ನುವ ಇನ್ನೊಂದು ಲಿವರ್ ಕಿಣ್ವ ಇದೆಯಾ ನೋಡಿ. ಅದು ಸ್ನಾಯುವಿನಿಂದ ಬರುವುದಿಲ್ಲ. ಅದು ನಾರ್ಮಲ್ ಇದ್ದು ಉಳಿದೆರಡು ಏರಿದ್ದರೆ ಅನುಮಾನ ಸ್ನಾಯುವಿನ ಕಡೆ ತಿರುಗುತ್ತದೆ.

ಸಿಪಿಕೆ, ಅಂದರೆ ಕ್ರಿಯಾಟಿನ್ ಕೈನೇಸ್, ಸ್ನಾಯುವಿನ ಒಳಗಿದ್ದು ಅದಕ್ಕೆ ಬೇಕಾದ ಶಕ್ತಿಯನ್ನು ತಕ್ಷಣ ಒದಗಿಸುವ ಕಿಣ್ವ. ಸ್ನಾಯುಕೋಶದ ಪೊರೆ ಹರಿದರೆ ರಕ್ತಕ್ಕೆ ಸೋರುತ್ತದೆ. ನಾವು ಅದರ ತೂಕ ನೋಡುವುದಿಲ್ಲ, ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಅಂತ ನೋಡುತ್ತೇವೆ: 37 ಡಿಗ್ರಿಯಲ್ಲಿ ಸೀರಮ್‌ಗೆ (ರಕ್ತದ ತಿಳಿ ಭಾಗಕ್ಕೆ) ರೀಏಜೆಂಟ್, ಅಂದರೆ ಪರೀಕ್ಷೆಯ ರಾಸಾಯನಿಕ ಸೇರಿಸಿ, 340 ನ್ಯಾನೊಮೀಟರ್ ಬೆಳಕನ್ನು ಅದು ನಿಮಿಷಕ್ಕೆ ಎಷ್ಟು ಹೆಚ್ಚು ಹೀರಿಕೊಳ್ಳುತ್ತಾ ಹೋಗುತ್ತದೆ ಅಂತ ಮೆಷಿನ್ ಅಳೆಯುತ್ತದೆ. ಸಾಮಾನ್ಯವಾಗಿ ಲೀಟರಿಗೆ 200 ಯೂನಿಟ್ ಆಸುಪಾಸಿನ ಒಳಗೆ ಇರಬೇಕು, ಲ್ಯಾಬ್‌ನಿಂದ ಲ್ಯಾಬ್‌ಗೆ ಸ್ವಲ್ಪ ಬೇರೆ. ಡುಷೆನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಜೀನ್ ದೋಷದಿಂದ ಸ್ನಾಯು ಸವೆಯುತ್ತಾ ಹೋಗುವ ಕಾಯಿಲೆ) ಇರುವ ಈ ವಯಸ್ಸಿನ ಹುಡುಗರಲ್ಲಿ 10,000 ದಾಟುವುದು ಸಾಮಾನ್ಯ. ಆಗ ರೀಏಜೆಂಟೇ ಬೇಗ ಖಾಲಿಯಾಗುತ್ತದೆ, ಸ್ಯಾಂಪಲ್ ತೆಳು ಮಾಡಿ ಮತ್ತೆ ಓಡಿಸಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಈ ಕಾಯಿಲೆಯಲ್ಲಿ ಸಿಪಿಕೆ ಏರುತ್ತದೆ ಅಂತ ಜಪಾನಿನ ಎಬಾಶಿ ಮತ್ತು ಜೊತೆಗಾರರು 1959ರಲ್ಲೇ ತೋರಿಸಿದ್ದರು. ಆದರೆ ಹೆಚ್ಚಿದ್ದ ಮಾತ್ರಕ್ಕೆ ಡುಷೆನ್ ಅಂತಲ್ಲ. ಜೋರಾಗಿ ಓಡಾಡಿ ಆಡಿದ ಮೇಲೆ, ಬಿದ್ದು ಪೆಟ್ಟಾದರೆ, ಸ್ನಾಯುವಿಗೆ ಇಂಜೆಕ್ಷನ್ ಕೊಟ್ಟಿದ್ದರೆ, ಥೈರಾಯ್ಡ್ ಕಮ್ಮಿ ಇದ್ದರೂ ಏರುತ್ತದೆ. ಇಂಥದ್ದು ಏನಾದರೂ ಆಗಿದ್ದರೆ ರಕ್ತ ಕೊಡುವ ಮೊದಲೇ ಡಾಕ್ಟರಿಗೆ ಹೇಳಿ. ಉಲ್ಟಾ ಮೋಸವೂ ಇದೆ: ಡುಷೆನ್‌ನಲ್ಲಿ ಸ್ನಾಯು ಸವೆದು ಹೋದಂತೆ, ವರ್ಷಗಳಾದ ಮೇಲೆ ಸಂಖ್ಯೆ ತಾನಾಗೇ ಇಳಿಯುತ್ತದೆ. ಅದನ್ನು ಗುಣ ಅಂದುಕೊಳ್ಳಬಾರದು.

ಸಾವಿರಗಟ್ಟಲೆ ಬಂದರೆ ಮುಂದಿನದು ಡಿಸ್ಟ್ರೊಫಿನ್ ಜೀನ್ (ಡುಷೆನ್‌ನಲ್ಲಿ ದೋಷ ಇರುವ ಜೀನ್) ಪರೀಕ್ಷೆ, ಅದಕ್ಕೂ ರಕ್ತವೇ ಸಾಕು. ಅಷ್ಟರಲ್ಲಿ ಒಂದು ಕೆಲಸ ಮಾಡಿ, ಅವನು ನೆಲದಿಂದ ಏಳುವುದನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ತೊಡೆ ಮೇಲೆ ಕೈ ಊರಿಕೊಂಡು ಏಳುತ್ತಾನಾ ಅಂತ ಡಾಕ್ಟರು ಖಂಡಿತ ಕೇಳುತ್ತಾರೆ, ಕ್ಲಿನಿಕ್ಕಿನಲ್ಲಿ ಮಕ್ಕಳು ಹೇಳಿದ ಹಾಗೆ ಮಾಡುವುದಿಲ್ಲ ಅಲ್ವಾ.