ಮನೆಮಾತಿಗೂ ಒಂದು ಶಾಲೆ ಬೇಕಿತ್ತಾ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ನ್ಯೂಯಾರ್ಕ್ ಲೇಖನದಲ್ಲಿ, ವಲಸೆ ಬಂದ ಯಹೂದಿ ಕೂಲಿಕಾರರು ತಮ್ಮ ಮಕ್ಕಳಿಗೆ ಯಿಡ್ಡಿಷ್ ಶಾಲೆ ನಡೆಸುತ್ತಿದ್ದರು ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಮನೆಯಲ್ಲೇ ಆಡುವ ಮಾತಿಗೆ ಶಾಲೆ ಯಾಕೆ? ಅದು ಧರ್ಮ ಕಲಿಸುವ ಶಾಲೆಯೇ ಇರಬೇಕು, ಅಲ್ವಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ಒಂದೇ ಸಾಲಿನಲ್ಲಿ ಮುಗಿಸಿದ್ದು ನಮ್ಮದೇ ತಪ್ಪು. ಜಾಗ ಸಾಲಲಿಲ್ಲ ಅನ್ನೋದು ಸಂಪಾದಕರ ಹಳೇ ನೆಪ, ಅದನ್ನು ಹೇಳೋದಿಲ್ಲ.

ನಿಮ್ಮ ಎರಡನೇ ಪ್ರಶ್ನೆ ಮೊದಲು. ಧರ್ಮ ಕಲಿಸುವ ಶಾಲೆ ಬೇರೆಯೇ ಇತ್ತು. ಅದರ ಹೆಸರು ಹೇದರ್. ಅಲ್ಲಿ ಹೀಬ್ರೂ ಪ್ರಾರ್ಥನೆ, ಹೀಬ್ರೂ ಗ್ರಂಥ. ಹೀಬ್ರೂಗೆ ಅವರು 'ಲೋಶ್ನ್ ಕೋಯ್ಡೆಶ್' ಅನ್ನುತ್ತಿದ್ದರು, ಪವಿತ್ರ ಭಾಷೆ ಅಂತ. ಯಿಡ್ಡಿಷ್‌ಗೆ 'ಮಾಮೆ ಲೋಶ್ನ್'. ನಮ್ಮ ತಾಯ್ನುಡಿ ಇದ್ದ ಹಾಗೇ, ಆದರೆ ಇನ್ನೂ ಸಲಿಗೆಯ ಪದ: ಅಮ್ಮನ ಮಾತು. ಮೂಲ ಜರ್ಮನ್, ಮೇಲೆ ಹೀಬ್ರೂ ಮತ್ತು ಸ್ಲಾವ್ ಭಾಷೆಗಳ ಪದಗಳು, ಬರೆಯೋದು ಹೀಬ್ರೂ ಅಕ್ಷರದಲ್ಲಿ. ಓದಿದವರು ಇದನ್ನು ಸಂತೆಯ ಮಾತು, ಅಡುಗೆಮನೆ ಮಾತು ಅಂತ ಮೂಗು ಮುರಿಯುತ್ತಿದ್ದರು. ಅಂಥ ಮಾತಿಗೆ ಪಠ್ಯಪುಸ್ತಕ ಮಾಡಿ ಮೇಷ್ಟ್ರನ್ನು ಇಟ್ಟವರು ಹೆಚ್ಚಿನವರು ಸಮಾಜವಾದಿಗಳು. ದೇವರು, ಪೂಜೆಯಿಂದ ದೂರ ಸರಿದವರು. ಅವರ ಸಂಘಗಳಲ್ಲಿ ದೊಡ್ಡದು ಆರ್ಬೆಟರ್ ರಿಂಗ್, ಅಂದರೆ ಕಾರ್ಮಿಕರ ಬಳಗ. 1892ರಲ್ಲಿ ನ್ಯೂಯಾರ್ಕಿನಲ್ಲಿ ಸಣ್ಣದಾಗಿ ಶುರುವಾಗಿ 1900ರಲ್ಲಿ ದೇಶಕ್ಕೆಲ್ಲ ಹರಡಿಕೊಂಡಿತು. ಕಾಯಿಲೆ ಬಿದ್ದರೆ ದುಡ್ಡು, ಸತ್ತರೆ ಹೂಳಲು ಜಾಗ. ಇದು ಅವರ ಮೊದಲ ಕೆಲಸ. ಮಕ್ಕಳ ಯಿಡ್ಡಿಷ್ ಶಾಲೆಗಳು ಬಂದದ್ದು 1918ರಿಂದ.

ಆ ಶಾಲೆಗೆ ಅವರ ಬಾಯಲ್ಲಿ 'ಶೂಲೆ' ಅಂತ ಹೆಸರು. ನಮ್ಮ 'ಶಾಲೆ'ಗೂ ಅದಕ್ಕೂ ಸುತರಾಂ ನಂಟಿಲ್ಲ, ಸುಮ್ನೆ ಹಾಗೆ ಕೇಳುತ್ತೆ ಅಷ್ಟೆ. (ಕೆಲವು ಹುಡುಗರಿಗೆ ನಮ್ಮ 'ಶೂಲ'ವೇ ಸರಿಯಾದ ಪದ ಅನ್ನಿಸಿದ್ದೀತು. ಬೇರೆ ಮಕ್ಕಳು ಬೀದಿಯಲ್ಲಿ ಚೆಂಡಾಡುವ ಹೊತ್ತಿಗೇ ಇವರಿಗೆ ಪಾಠ!)

ಈಗ ನಿಜವಾದ ಪ್ರಶ್ನೆ. ಮನೆಮಾತಿಗೆ ಶಾಲೆ ಯಾಕೆ? ಯಾಕಂದರೆ ಮನೆಯಲ್ಲಿ ಅದನ್ನು ಆಡುವ ಅಪ್ಪ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಕು ಹರಿಯುವ ಮೊದಲೇ ಹೋದರೆ ಬರುವಾಗ ರಾತ್ರಿ. ಮೋರಿಸ್ ರೋಸೆನ್‌ಫೆಲ್ಡ್ ಅನ್ನೋ ಕವಿ ಸ್ವತಃ ಇಂಥ ಹೊಲಿಗೆ ಕಾರ್ಖಾನೆಗಳಲ್ಲಿ ದುಡಿದವನು. ಅವನ ಒಂದು ಪದ್ಯದಲ್ಲಿ ಅಪ್ಪನಿಗೆ ಮುದ್ದಿನ ಮಗನಿದ್ದಾನೆ, ಆದರೆ ಅವನು ಎಚ್ಚರ ಇರೋದನ್ನು ನೋಡುವ ಯೋಗವೇ ಇಲ್ಲ. ಅತ್ತ ಮಗ ಸರ್ಕಾರಿ ಶಾಲೆಯಲ್ಲಿ ದಿನವಿಡೀ ಇಂಗ್ಲಿಷ್ ಕಲಿತು ಬರುತ್ತಾನೆ. ಅಮ್ಮ ಯಿಡ್ಡಿಷಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಪ್ಪ ಓದುವ 'ಫೋರ್ವರ್ಟ್ಸ್' ಪತ್ರಿಕೆಯ ಒಂದು ಅಕ್ಷರವೂ ಅವನಿಗೆ ತಿಳಿಯದು. ಆಡುಮಾತು ಅರ್ಥವಾದೀತು, ಓದು ಬರಹ ತಾನಾಗಿ ಬರೋದಿಲ್ಲವಲ್ಲ.

ಹಾಗಾಗಿ ಸರ್ಕಾರಿ ಶಾಲೆ ಬಿಟ್ಟ ಮೇಲೆ ಶೂಲೆ. ಬೆಳಗ್ಗೆ ಎಡದಿಂದ ಬಲಕ್ಕೆ ಬರೆದ ಕೈ, ಸಂಜೆ ಬಲದಿಂದ ಎಡಕ್ಕೆ ಬರೆಯಬೇಕು. ಪೆರೆಟ್ಸ್, ಶೋಲೆಮ್ ಅಲೈಕೆಮ್ ಬರೆದ ಕತೆಗಳು, ಯಹೂದಿ ಚರಿತ್ರೆ, ಜೊತೆಗೆ ಹಾಡು. ಹಬ್ಬವನ್ನೂ ಬಿಡಲಿಲ್ಲ. ಪಸ್ಕ ಹಬ್ಬದಲ್ಲಿ ಈಜಿಪ್ಟಿನಿಂದ ಪಾರಾದ ಗುಲಾಮರ ಕತೆ ಇದೆಯಲ್ಲ, ಅದನ್ನು ದುಡಿಯುವವರ ಬಿಡುಗಡೆಯ ಕತೆಯಾಗಿ ಹೇಳಿದರು. ದೇವರಿಗೆ ಅದರಲ್ಲಿ ಕೆಲಸ ಕಡಿಮೆ. ಬೇಸಿಗೆಗೆ ಶಿಬಿರಗಳು ಬಂದವು, 1923ರಲ್ಲಿ ಕಿಂಡರ್‌ಲ್ಯಾಂಡ್, 1927ರಲ್ಲಿ ಕಿಂಡರ್ ರಿಂಗ್. ಕೆನಡಾದ ವಿನ್ನಿಪೆಗ್‌ನಲ್ಲಿ 1914ರಲ್ಲಿ ಹುಟ್ಟಿದ ಪೆರೆಟ್ಸ್ ಶಾಲೆಯಂತೂ ಸಂಜೆಪಾಠಕ್ಕೇ ನಿಲ್ಲದೆ ಮುಂದೆ ಪೂರ್ತಿ ಹಗಲು ಶಾಲೆಯೇ ಆಯಿತು.

ಜಗಳಕ್ಕೆ ಬರವಿರಲಿಲ್ಲ. ಒಂದೇ ಭಾಷೆಗೆ ಸಮಾಜವಾದಿಗಳದ್ದೊಂದು ಶಾಲೆ, ಯಹೂದಿಗಳಿಗೆ ತಮ್ಮದೇ ನಾಡು ಬೇಕು ಅನ್ನುವ ಕಾರ್ಮಿಕ ಜಿಯೋನಿಸ್ಟರದ್ದೊಂದು, ಪಕ್ಷವೇ ಬೇಡ ಅನ್ನುವವರದ್ದೊಂದು. 1920ರ ದಶಕದಲ್ಲಿ ಆರ್ಬೆಟರ್ ರಿಂಗ್ ಒಳಗೇ ಕಮ್ಯುನಿಸ್ಟರು ಸಿಡಿದೆದ್ದು, ಒಂದಷ್ಟು ಶೂಲೆಗಳ ಸಮೇತ ಹೊರನಡೆದು 1930ರಲ್ಲಿ ಬೇರೆ ಸಂಘವನ್ನೇ ಕಟ್ಟಿದರು. ಅತ್ತ ಸೋವಿಯತ್ ನಾಡಿನಲ್ಲಿ ಹೀಬ್ರೂ ಮೂಲದ ಪದಗಳ ಕಾಗುಣಿತವನ್ನೇ ಬದಲಾಯಿಸಿದ್ದರು. 'ಎಮೆಸ್' ಅಂದರೆ ಸತ್ಯ. ಹಳೆಯ ಪದ್ಧತಿಯಲ್ಲಿ ಹೀಬ್ರೂವಿನಲ್ಲಿದ್ದ ಹಾಗೇ ಮೂರಕ್ಷರ, ಮಾಸ್ಕೋದಲ್ಲಿ ಉಚ್ಚಾರಕ್ಕೆ ತಕ್ಕ ಹಾಗೆ ನಾಲ್ಕು. ಅಲ್ಲಿನ ಪಕ್ಷದ ಪತ್ರಿಕೆಯ ಹೆಸರೂ ಅದೇ. ಸತ್ಯವನ್ನು ಹೇಗೆ ಬರೆಯುತ್ತಾನೆ ನೋಡಿದರೆ ಸಾಕು, ಮನುಷ್ಯ ಯಾವ ಕಡೆಯವನು ಅಂತ ಗೊತ್ತಾಗುತ್ತಿತ್ತು!

ಆದರೆ ಶೂಲೆಗಳು ಸೊರಗಿದ್ದಕ್ಕೆ ಜಗಳವನ್ನೇ ದೂರಬಾರದು ಅನ್ನೋದು ನನ್ನ ಅನಿಸಿಕೆ. 1924ರ ಕಾನೂನು ವಲಸೆಯ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು. ಹೊಸದಾಗಿ ಯಿಡ್ಡಿಷ್ ತರುವವರು ನಿಂತರು. ಯುರೋಪಿನಲ್ಲಿ ಆ ಮಾತಾಡುತ್ತಿದ್ದ ಲಕ್ಷಾಂತರ ಜನರನ್ನು ನಾಜಿಗಳು ಕೊಂದರು. ಇತ್ತ ಶೂಲೆಯಲ್ಲಿ ಕಲಿತ ಮಕ್ಕಳು ಡಾಕ್ಟರು, ವಕೀಲರಾಗಿ ಹೊರವಲಯದ ಮನೆಗಳಿಗೆ ಹೋದರು. ಕಮ್ಯುನಿಸ್ಟರ ಸಂಘವನ್ನು ನ್ಯೂಯಾರ್ಕ್ ರಾಜ್ಯವೇ 1954ರಲ್ಲಿ ಮುಚ್ಚಿಸಿತು.

ಇನ್ನೊಂದು ಮಾತು ಉಳಿದಿದೆ, ಮೇಷ್ಟ್ರೇ. ಇವತ್ತು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ವಿಲಿಯಮ್ಸ್‌ಬರ್ಗ್‌ಗೆ ಹೋದರೆ ಬೀದಿಯಲ್ಲೇ ಯಿಡ್ಡಿಷ್ ಕೇಳಿಸುತ್ತೆ. ಚಿಕ್ಕ ಹುಡುಗರು ಅದರಲ್ಲೇ ಆಡಿ, ಅದರಲ್ಲೇ ಪಾಠ ಕೇಳುತ್ತಾರೆ. ಅವರೆಲ್ಲ ಹಸೀದಿಗಳು ಅನ್ನೋ ಕಟ್ಟಾ ಧಾರ್ಮಿಕ ಯಹೂದಿಗಳ ಮಕ್ಕಳು. ನಿಮ್ಮ ಊಹೆ ಆ ಕಾಲಕ್ಕೆ ತಪ್ಪು, ಈ ಕಾಲಕ್ಕೆ ಸರಿ.